ನಮ್ಮವರ ಕಾರಿಗೆ ಕನ್ವರ್ಟರ್ ಆರಿಸಿದ್ದು

ನಮ್ಮ ಯಜಮಾನರಿಗೆ ಎರಡು ಹುಚ್ಚುಗಳಿದ್ದವು. ಒಂದು ಕಾರು, ಇನ್ನೊಂದು ನನ್ನ ಮಾತಿಗೆ ಎದುರಾಡುವುದು. ಎರಡನೆಯದಕ್ಕೆ ಮದ್ದು ನನ್ನ ಹತ್ತಿರ ಇತ್ತು. ಮೊದಲನೆಯದು ಮದರಾಸಿನ ಅಣ್ಣಾ ನಗರದ ನಮ್ಮ ಮನೆಯ ಗೇಟಿನೊಳಗೆ ಅರ್ಧ, ಬೀದಿಯಲ್ಲಿ ಅರ್ಧ ಆಗಿ ನಿಂತಿರುತ್ತಿತ್ತು. ಅಷ್ಟು ಉದ್ದದ ಕಾರು ಅದು. ಎಂಟು ಸಿಲಿಂಡರಿನ ಹಳೆಯ ಅಮೆರಿಕನ್ ಕಾರು. ಸಿನಿಮಾ ನಿರ್ಮಾಪಕರೊಬ್ಬರ ಶೆಡ್ಡಿನಲ್ಲಿ, ಹಿಂದಿನ ಸೀಟಿನ ಮೇಲೆ ಕೋಳಿ ಮೊಟ್ಟೆಯಿಡುತ್ತಿದ್ದ ಸ್ಥಿತಿಯಲ್ಲಿ ಇವರಿಗೆ ಸಿಕ್ಕಿತ್ತು. ಸ್ಟೀರಿಂಗ್ ಎಡಗಡೆಗೆ. ಹಾಗಾಗಿ ಬಲಗಡೆ ಕೂತ ನನ್ನನ್ನೇ ಡ್ರೈವರ್ ಎಂದುಕೊಂಡು ಟ್ರಾಫಿಕ್ ಪೊಲೀಸರು ನನ್ನ ಕಿಟಕಿಗೆ ಬಂದು ಬೈದು ಹೋಗುತ್ತಿದ್ದರು. ಇವರು ಆ ಕಡೆ ಏನೂ ಅರಿಯದ ಪಾಪದವರ ಹಾಗೆ ಕೂತಿರುತ್ತಿದ್ದರು. ಇವರ ತಪ್ಪಿಗೆ ನಾನು ಬೈಸಿಕೊಂಡದ್ದು ಹೊಸತಲ್ಲ. ಆದರೆ ಖಾಕಿ ಹಾಕಿದವರಿಂದ ಬೈಸಿಕೊಂಡದ್ದು ಆ ಕಾರಿನ ದಯೆಯಿಂದ.

ಅಂಥ ಕಾರನ್ನೇ ಕೊಳ್ಳಲು ಒಂದು ಕಾರಣವಿತ್ತು. ನಡೆಯಲು ಕಲಿಯುವ ವಯಸ್ಸಿನಲ್ಲೇ ಪೋಲಿಯೊ ಬಂದು ಇವರ ಎಡಗಾಲು ಸಣಕಲಾಗಿ ಉಳಿದಿತ್ತು. ಕ್ಲಚ್ ಒತ್ತುವ ಬಲ ಆ ಕಾಲಿಗಿರಲಿಲ್ಲ. ಈ ಕಾರಿಗೆ ಕ್ಲಚ್ಚೇ ಇಲ್ಲ, ಗೇರು ತಾನಾಗಿ ಬೀಳುತ್ತದೆ, ಬಲಗಾಲು ಒಂದಿದ್ದರೆ ಸಾಕು. ಆಗಿನ ಮದರಾಸಿನಲ್ಲಿ ಅಂಥ ಕಾರು ಬೇಕೆಂದರೆ ಇಂಥ ಶೆಡ್ಡುಗಳಿಗೇ ಹೋಗಬೇಕಿತ್ತು.

ಕುಂದಾಪುರದ ಕಡೆಯಿಂದ ಬಂದ ನಮ್ಮ ಕುಟುಂಬದ್ದು ಸಸ್ಯಾಹಾರಿ ಹೋಟೆಲು. ನಡೆಸುತ್ತಿದ್ದವರು ಇವರ ಅಣ್ಣ, ಅಂದರೆ ನನ್ನ ಭಾವ. ಇವರು ಕ್ಯಾಶ್ ಕೌಂಟರಿನಲ್ಲಿ, ನಾನು ಉಗ್ರಾಣದಲ್ಲಿ. ಭಾವ ಒಳ್ಳೆಯವರೇ, ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡವರು. ಮದುವೆಗೋ ಪೂಜೆಗೋ ಎಲ್ಲರೂ ಹೊರಟರೆ ಅವರು ಆಗಲೇ ಬೀದಿಯ ತುದಿಯಲ್ಲಿರುತ್ತಿದ್ದರು. ಅಲ್ಲಿಂದಲೇ ತಿರುಗಿ, "ನೀನ್ ಮೆಲ್ಲ ಬಾ, ಗಡಿಬಿಡಿ ಇಲ್ಲೆ" ಎಂದು ತಮ್ಮನಿಗೆ ಕೂಗುತ್ತಿದ್ದರು. ಪ್ರೀತಿಯಿಂದಲೇ ಕೂಗುತ್ತಿದ್ದರು. ಇವರು ನಕ್ಕು ತಲೆಯಾಡಿಸುತ್ತಿದ್ದರು. ಆ ನಗೆಯನ್ನು ನಾನು ವರ್ಷಗಟ್ಟಲೆ ನಿಜವಾದ ನಗೆ ಎಂದೇ ತಿಳಿದಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಹೋಟೆಲಿಗೆ ಒಬ್ಬ ಹುಡುಗ ಬರತೊಡಗಿದ. ಮೈಸೂರಿನವನು, ಶೋಳಿಂಗನಲ್ಲೂರಿನಲ್ಲಿ ಕಂಪ್ಯೂಟರ್ ಕೆಲಸ. ಭಾನುವಾರ ಅಷ್ಟು ದೂರದಿಂದ ನೀರುದೋಸೆಗೆಂದು ಬರುತ್ತಿದ್ದ, ಮತ್ತು ಕನ್ನಡ ಮಾತಾಡುವುದಕ್ಕೆ. ಅವನ ಹತ್ತಿರ ಹೊಳೆಯುವ ಹೊಸ ಕಾರು. ಊರಿನ ಉತ್ತರಕ್ಕೆ ಪಾಳುಬಿದ್ದ ಒಂದು ರನ್‌ವೇಯಲ್ಲಿ ಕಾರಿನ ಹುಚ್ಚಿನವರೆಲ್ಲ ಸೇರಿ ಓಟ ಇಡುತ್ತಾರೆಂಬ ಸುದ್ದಿ ತಂದವನು ಅವನೇ. ಎರಡು ಕಾರು ಅಕ್ಕಪಕ್ಕ ನಿಲ್ಲುವುದು, ಬಾವುಟ ಇಳಿದ ಕೂಡಲೇ ನೆಟ್ಟಗೆ ಓಡುವುದು, ಅಷ್ಟೆ. ಇವರ ಕಿವಿ ನಿಮಿರಿತು. ಇವರು ಚಿಲ್ಲರೆ ಕೊಡುವುದನ್ನು ಮರೆತದ್ದರಿಂದ ಗಿರಾಕಿಗಳು ಸಾಲುಗಟ್ಟಿ ನಿಂತರು.

ಮರುವಾರವೇ ಬೆಳ್ಳಂಬೆಳಿಗ್ಗೆ ಶೋಳಿಂಗನಲ್ಲೂರಿನ ಖಾಲಿ ರಸ್ತೆಯಲ್ಲಿ ಒಂದು ಪರೀಕ್ಷೆ ಆಯಿತು. ನಾನೂ ಹೋಗಿದ್ದೆ. ಹುಡುಗನ ಕಾರು ಚಂಗನೆ ಹೋಯಿತು. ನಮ್ಮದು ತವರಿನಿಂದ ಹೊರಟ ಮದುಮಗಳ ಹಾಗೆ ಹಿಂದೆ ಮುಂದೆ ನೋಡಿ ಹೊರಟಿತು. ಹೊರಟ ಮೇಲೆ ಜೋರೇ, ಆದರೆ ಹೊರಡಬೇಕಲ್ಲ! ಹುಡುಗ ಕಾರಿನಿಂದಿಳಿದು ನಗುತ್ತ, "ಅಂಕಲ್, ಆಟೋಮ್ಯಾಟಿಕ್ ಅಂದ್ರೆ ಹಿಂಗೇನೇ. ನೀವು ನಿಧಾನಕ್ಕೆ ಬನ್ನಿ, ನಾನು ಆ ಕಡೆ ಕಾಯ್ತಿರ್ತೀನಿ" ಎಂದ. ಮನೆ ಮುಟ್ಟುವವರೆಗೆ ನಾನು ಹೇಳಿದ್ದಕ್ಕೆಲ್ಲ ಇವರು ಹೂಂ ಎಂದರು. ಎದುರಾಡದ ಗಂಡನನ್ನು ಕಂಡು ನನಗೆ ನಿಜಕ್ಕೂ ಗಾಬರಿಯಾಯಿತು.

ಪಾಡಿಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ನಮ್ಮ ಹೋಟೆಲಿನ ವ್ಯಾನನ್ನು ವರ್ಷಗಳಿಂದ ನೋಡಿಕೊಳ್ಳುತ್ತಿದ್ದ ತಮಿಳಿನವನು, ಕಾರಿನ ಹುಚ್ಚಿನಲ್ಲಿ ಇವರಿಗಿಂತ ಒಂದು ಕೈ ಮೇಲು. ಅವನು ಕಾರಿನಡಿ ಮಲಗಿ ಎದ್ದು ಬಂದು, ದೋಷ ಎಂಜಿನ್ನಿನದಲ್ಲ, ಟಾರ್ಕ್ ಕನ್ವರ್ಟರಿನದು ಎಂದ. ಅದೇನೆಂದು ನನಗೂ ಹೇಳಿದ. ಕ್ಲಚ್ ಇಲ್ಲದ ಕಾರಿನಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆ ತುಂಬಿದ ಒಂದು ಗುಂಡು ಡಬ್ಬಿ ಇರುತ್ತದಂತೆ. ನನಗೆ ಅರ್ಥವಾದದ್ದು ಪಾಯಸದ ಲೆಕ್ಕದಲ್ಲಿ: ಕೊಪ್ಪರಿಗೆಯಲ್ಲಿ ಒಂದು ಸೌಟನ್ನು ಜೋರಾಗಿ ತಿರುಗಿಸಿದರೆ, ಬಿಟ್ಟಿಟ್ಟ ಇನ್ನೊಂದು ಸೌಟೂ ಪಾಯಸದ ಸೆಳೆತಕ್ಕೆ ತಿರುಗುತ್ತದಲ್ಲ, ಹಾಗೆ. ಎಂಜಿನ್ ಎಣ್ಣೆಯನ್ನು ತಿರುಗಿಸುತ್ತದೆ, ಎಣ್ಣೆ ಗೇರನ್ನು ತಿರುಗಿಸುತ್ತದೆ.

ಬ್ರೇಕ್ ಬಿಗಿಯಾಗಿ ಹಿಡಿದು ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಎಂಜಿನ್ ನಿಮಿಷಕ್ಕೆ ಇಷ್ಟು ಸುತ್ತು ಎಂದು ಏರಿ ಅಲ್ಲೇ ನಿಲ್ಲುತ್ತದೆ. ಆ ಅಂಕಿಗೆ ಸ್ಟಾಲ್ ಎನ್ನುತ್ತಾರೆ. ನಮ್ಮ ಕಾರಿನದು ತೀರಾ ಕಡಿಮೆ. ಎಂಜಿನ್ನಿಗೆ ಬಲ ಬರುವುದು ಮೇಲಿನ ಸುತ್ತುಗಳಲ್ಲಿ, ಅದು ಬರುವ ಮೊದಲೇ ಕಾರು ಹೊರಟುಬಿಡುತ್ತಿತ್ತು, ಅದಕ್ಕೇ ಆ ತಡವರಿಕೆ. ಹೆಚ್ಚಿನ ಸ್ಟಾಲಿನ ಕನ್ವರ್ಟರ್ ಹಾಕಿದರೆ ಎಂಜಿನ್ ತನ್ನ ಬಲದ ಹತ್ತಿರ ಏರಿ ನಿಂತಿರುತ್ತದೆ, ಬ್ರೇಕ್ ಬಿಟ್ಟರೆ ನೆಗೆತ.

"ಹಾಂಗಾರೆ ಎಲ್ಲಕ್ಕಿಂತ ಹೆಚ್ಚಿನದ್ದೇ ಹಾಕುವ" ಎಂದರು ಇವರು.

ಮೆಕ್ಯಾನಿಕ್ ಹಣೆ ಚಚ್ಚಿಕೊಂಡ. ಅಂಕಿ ಅತಿಯಾದರೆ ಪೇಟೆಯಲ್ಲಿ ಎಂಜಿನ್ ಕೂಗುತ್ತದೆ, ಕಾರು ನಿಂತಲ್ಲೇ ನಿಲ್ಲುತ್ತದೆ, ಎಣ್ಣೆ ಕುದಿಯುತ್ತದೆ, ಓಟದ ಕೊನೆಯಲ್ಲಿ ಕನ್ವರ್ಟರ್ ಜಾರುತ್ತಲೇ ಇದ್ದು ವೇಗ ಕಟ್ಟಾಗುತ್ತದೆ. ಎಂಜಿನ್ನಿನ ಬಲ ಎಲ್ಲಿ ಬರುತ್ತದೆ, ಹಿಂದಿನ ಆಕ್ಸಲಿನ ಹಲ್ಲು ಎಷ್ಟು, ಕಾರಿನ ತೂಕ ಎಷ್ಟು, ಕಾರು ಓಟಕ್ಕೋ ಪೇಟೆಗೋ ಎಂದೆಲ್ಲ ನೋಡಿ ಅಂಕಿ ಗೊತ್ತುಮಾಡಬೇಕಂತೆ. ಹೆಣ್ಣು ನೋಡುವಾಗಲೂ ನಮ್ಮವರು ಇಷ್ಟೆಲ್ಲ ಕೇಳಿರಲಿಲ್ಲ.

ತೂಕಕ್ಕೆಂದು ಕಾರನ್ನು ಮಣಲಿಗೆ ಒಯ್ದೆವು. ಅಲ್ಲಿ ಟ್ಯಾಂಕರ್ ಲಾರಿಗಳನ್ನು ತೂಗುವ ವೇ ಬ್ರಿಡ್ಜ್ ಇತ್ತು. ನಾನು ಪೇಟೆಗೆಂದು ಜರಿಯಂಚಿನ ಸೀರೆ ಉಟ್ಟು ಕಾರಿನಲ್ಲಿ ಕೂತಿದ್ದೆ. ಕಾರು ಹತ್ತಿಸಿ ತೂಗಿದರು. ಆಮೇಲೆ ಮೆಕ್ಯಾನಿಕ್ ನನ್ನ ಕಡೆ ನೋಡಿ ನೆಲ ನೋಡಿದ. ಇವರು ಗಂಟಲು ಸರಿಮಾಡಿಕೊಂಡು, "ಓಟಕ್ಕೆ ನಾನೊಬ್ಬನೇ ಕೂಕಂಬುದಲ್ದಾ... ನೀನ್ ಒಂಚೂರ್ ಇಳಿ ಕಾಂಬ" ಎಂದರು. ಇಳಿದೆ. ಮತ್ತೆ ತೂಗಿದರು. ವೇ ಬ್ರಿಡ್ಜಿನ ಕೋಣೆಯಲ್ಲಿ ಕೂತು ತೂಕ ಓದುತ್ತಿದ್ದ ಪುಣ್ಯಾತ್ಮ ಕಿಟಕಿಯಿಂದ ತಲೆ ಹೊರಹಾಕಿ, ಮೊದಲಿನ ತೂಕದಿಂದ ಈಗಿನದನ್ನು ಕಳೆದು, ಉಳಿದದ್ದನ್ನು ಸಾಲಾಗಿ ನಿಂತಿದ್ದ ಟ್ಯಾಂಕರ್ ಡ್ರೈವರುಗಳಿಗೆಲ್ಲ ಕೇಳುವಂತೆ ಕೂಗಿದ. ಆ ಅಂಕಿಯನ್ನು ನಾನು ಇಲ್ಲಿ ಬರೆಯುವುದಿಲ್ಲ. ಆ ವೇ ಬ್ರಿಡ್ಜ್ ಸುಳ್ಳು ಹೇಳುತ್ತದೆ ಎಂದಷ್ಟೇ ಹೇಳುತ್ತೇನೆ.

ಎಲ್ಲ ಕೂಡಿಸಿ ಕಳೆದು ಮೆಕ್ಯಾನಿಕ್, ಎರಡೂವರೆ ಸಾವಿರ ಸುತ್ತಿನ ಆಸುಪಾಸು ಒಳ್ಳೆಯದು, ಕೊನೆಯ ಮಾತು ಯಜಮಾನರದು, ಅದನ್ನು ತಿಳಿಸಿದರೆ ಅಮೆರಿಕಕ್ಕೆ ಮೇಲ್ ಕಳಿಸಿ ತರಿಸುತ್ತೇನೆ ಎಂದ. ಅನಾಹುತ ಶುರುವಾದದ್ದು ಇಲ್ಲಿಂದ.

ನಮ್ಮ ಹೋಟೆಲಿನಲ್ಲಿ ಒಂದು ಪದ್ಧತಿ. ಹೋಟೆಲಿನ ಮನೆತನದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡುಗೆಯ ಭಟ್ಟರಿಗೆ ಐವತ್ತು ತೆಂಗಿನಕಾಯಿ ಬೇಕಾದರೆ ಎಪ್ಪತ್ತು ಎಂದು ಹೇಳುತ್ತಾರೆ, ಯಾಕೆಂದರೆ ಉಗ್ರಾಣದಲ್ಲಿ ನಾನು ಕಡಿಯುತ್ತೇನೆಂದು ಅವರಿಗೆ ಗೊತ್ತು. ಭಟ್ಟರು ಏರಿಸಿ ಹೇಳುತ್ತಾರೆಂದು ನನಗೆ ಗೊತ್ತು, ಹಾಗಾಗಿ ಕಡಿಯುತ್ತೇನೆ. ಕೊನೆಗೆ ಐವತ್ತೇ ಹೋಗುತ್ತದೆ, ಎಲ್ಲರೂ ಸುಖ. ಬಾಯಲ್ಲಿ ಬಂದ ಅಂಕಿಯನ್ನು ಅದೇ ಅಂಕಿ ಎಂದು ನಂಬುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಇದು ಮನೆಗೂ ಅಂಟಿತ್ತು. ನನಗೆ ಎರಡು ಸೀರೆ ಬೇಕಾದಾಗ ನಾನು ನಾಲ್ಕು ಕೇಳುತ್ತಿದ್ದೆ.

ಆ ವಾರ ಭಾವ ಊರಿಗೆ ಹೋಗಿದ್ದರು, ಇವರು ಕೌಂಟರ್ ಬಿಟ್ಟು ಏಳುವಂತಿರಲಿಲ್ಲ. ಮಧ್ಯಾಹ್ನದ ಊಟದ ಗಲಾಟೆ ಮುಗಿದು, ಮಾಣಿಗಳು ಮೇಜು ಒರೆಸುತ್ತಿದ್ದರು. ಪಾಡಿಗೆ ಸ್ಕೂಟರಿನಲ್ಲಿ ಹೋಗುವವಳು ನಾನೇ ಆದ್ದರಿಂದ ನನ್ನನ್ನು ಕರೆದು, "ಮೂರೂವರೆ ಸಾವಿರ ಅಂದ್ಹೇಳಿ ಹೇಳ್" ಎಂದರು.

"ನಿಮ್ಗೆ ಮಂಡೆ ಸಮ ಇತ್ತಾ? ಅವ ಎರಡೂವರೆ ಅಂದದ್ದಲ್ದಾ?"

ಎದುರುತ್ತರ ಕೊಡುತ್ತಾರೆಂದು ಸೊಂಟ ಕಟ್ಟಿ ನಿಂತಿದ್ದೆ. ಇವರು ನಾಣ್ಯಗಳನ್ನು ಜೋಡಿಸುತ್ತ, ನನ್ನ ಮುಖ ನೋಡದೆ ಹೇಳಿದರು: "ಸಣ್ಣಾಗಿಪ್ಪತ್ತಿಗೆ ಶಾಲೆಗೆ ಹೊರಟ್ರೂ ನಾನೇ ಕಡೆ, ಗದ್ದೆಗೆ ಹೊರಟ್ರೂ ನಾನೇ ಕಡೆ. ಎಲ್ಲರೂ ನಂಗೆ ಕಾದ್ ನಿಲ್ಲುದ್. ಒಂದೇ ಒಂದ್ಸಲ ಎಲ್ಲರಿಗಿಂತ ಮುಂಚೆ ಹೊರಡ್ಕ್ ಅಂದ್ಹೇಳಿ ಆಸೆ. ಮುಟ್ಟೂದ್ ಯಾರ್ ಬೇಕಾರೂ ಮುಂಚೆ ಮುಟ್ಲಿ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಆ ನಗುವನ್ನು ನಗು ಎಂದೇ ಓದಿದ್ದೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ಸ್ಕೂಟರ್ ಹತ್ತಿ ಪಾಡಿಗೆ ಹೋದೆ. ಹುಟ್ಟಿದಾರಭ್ಯ ಮೊದಲ ಸಲ, ಒಂದು ಅಂಕಿಯನ್ನೂ ಕಡಿಯದೆ, ಹೇಳಿದ್ದನ್ನು ಹೇಳಿದ ಹಾಗೆ ಮುಟ್ಟಿಸಿದೆ.

ಮೂರು ತಿಂಗಳ ಮೇಲೆ ಮರದ ಪೆಟ್ಟಿಗೆಯಲ್ಲಿ ಕನ್ವರ್ಟರ್ ಬಂತು. ಕೂರಿಸಿದ ದಿನ ಇವರು ಕಾರನ್ನು ವರ್ಕ್‌ಶಾಪಿನಿಂದ ಹೊರಗೆ ತರಲು ಮೆಲ್ಲನೆ ಪೆಡಲ್ ಒತ್ತಿದರು. ಎಂಜಿನ್ ಗರ್ಜಿಸಿತು. ಕಾರು ಅಲ್ಲಾಡಲಿಲ್ಲ. ಇನ್ನಷ್ಟು ಒತ್ತಿದರು. ಬೀದಿಯ ನಾಯಿಗಳೆಲ್ಲ ಎದ್ದುಹೋದವು, ಕಾರು ಅಲ್ಲೇ ಇತ್ತು. ಮತ್ತೂ ಒತ್ತಿದಾಗ ಒಮ್ಮೆಗೇ ಹಾರಿ, ಎದುರಿನ ಎಳನೀರು ಗಾಡಿಯ ಮುಂದೆ ಒಂದು ಗೇಣು ಬಿಟ್ಟು ನಿಂತಿತು. ಎಳನೀರಿನವನು ಕತ್ತಿ ಕೈಯಲ್ಲಿ ಹಿಡಿದೇ ಓಡಿದ.

ಆಗ ಬಯಲಾಯಿತು ಗುಟ್ಟು. ಇವರಿಗೆ ನಿಜವಾಗಿ ಬೇಕಿದ್ದದ್ದು ಇಪ್ಪತ್ತೆಂಟು ನೂರು.

"ನೀನ್ ಕಡೀತೆ ಅಂದ್ಹೇಳಿ ನಾನ್ ಏರಿಸಿ ಹೇಳಿದ್ದ್! ಎಂತಕ್ಕೆ ಕಡೀಲಿಲ್ಲೆ?"

"ನೀವ್ ಹೇಳಿದ್ದನ್ನೇ ಹೇಳಿದೆ. ಹೆಂಡ್ತಿ ಒಂದ್ಸಲ ಮಾತ್ ಕೇಂಡದ್ದೇ ತಪ್ಪಾ?"

"ಮೂರೂವರೆಗೆ ಇಷ್ಟೊಂದ್ ಕೂಗೂದಿಲ್ಲೆ. ಇದ್ ಎಷ್ಟರದ್ದ್?" ಎಂದು ಇವರು ಮೆಕ್ಯಾನಿಕ್ಕಿನ ಕಡೆ ತಿರುಗಿದರು.

ಅವನು ಕೈಯ ಗ್ರೀಸು ಒರೆಸುತ್ತ ಹಿಂದೆ ಸರಿದ. ನಮ್ಮ ವ್ಯಾನಿನ ಕೆಲಸಕ್ಕೆ ಅವನು ಏನು ಕೇಳಿದರೂ ಭಾವ ಕಡಿದೇ ಕೊಡುತ್ತಿದ್ದವರು. ಹೋಟೆಲಿನವರ ಬಾಯಿಂದ ಬರುವುದೆಲ್ಲ ಕಡಿದ ಅಂಕಿ ಎಂದು ಅವನ ನಂಬಿಕೆ. "ಅಕ್ಕಾ ಮೂಣರೈ ಸೊನ್ನಾಂಗ," ಎಂದ, "ಅಪ್ಪ ಸಾರುಕ್ಕು ನಾಲಾಯಿರಂ ವೇಣುಂನು ನಿನೈಚ್ಚೇನ್." ಅಕ್ಕ ಮೂರೂವರೆ ಎಂದರು, ಹಾಗಾದರೆ ಯಜಮಾನರಿಗೆ ಬೇಕಿರುವುದು ನಾಲ್ಕು ಸಾವಿರವೇ ಎಂದುಕೊಂಡನಂತೆ. ಅಮೆರಿಕದವರು ಇದು ಖಂಡಿತವೇ ಎಂದು ಎರಡೆರಡು ಸಲ ಕೇಳಿದ್ದರಂತೆ. ಅವರೊಬ್ಬರೇ ನೋಡಿ ಅಂಕಿಯನ್ನು ನಂಬಿ, ಕೇಳಿದ್ದನ್ನು ಕೇಳಿದ ಹಾಗೆ ಮಾಡಿ ಕಳಿಸಿದವರು.

ಬೇರೆ ತರಿಸಲು ಸಮಯವಿರಲಿಲ್ಲ, ಓಟ ಹತ್ತಿರ ಬಂದಿತ್ತು. ಅಲ್ಲಿಯವರೆಗೆ ಆ ಕಾರಿನಲ್ಲಿ ಓಡಾಡಿದ ಸುಖವನ್ನು ನಾನೇ ಬಲ್ಲೆ. ಅಣ್ಣಾ ನಗರದ ರೌಂಡಾಣ ವೃತ್ತದಲ್ಲಿ ಮುಂದಿನ ಗಾಡಿಯವರು ನಾವು ತಮ್ಮನ್ನು ಹೆದರಿಸುತ್ತಿದ್ದೇವೆಂದು ತಿರುಗಿ ತಿರುಗಿ ನೋಡುತ್ತಿದ್ದರು, ಹಿಂದಿನವರು ಕಾರು ಕೆಟ್ಟಿದೆಯೆಂದು ಇಳಿದು ಬಂದು ತಳ್ಳಲು ನಿಲ್ಲುತ್ತಿದ್ದರು. ಪೊಲೀಸರು ಯಥಾಪ್ರಕಾರ ನನ್ನ ಕಿಟಕಿಗೇ ಬರುತ್ತಿದ್ದರು. ಎರಡು ಸಿಗ್ನಲ್ ದಾಟುವಷ್ಟರಲ್ಲಿ ಅಡಿಯಿಂದ ಬಿಸಿ ಎಣ್ಣೆಯ ವಾಸನೆ. ಮೆಕ್ಯಾನಿಕ್ ಮುಂದೆ ಇನ್ನೊಂದು ಆಯಿಲ್ ಕೂಲರ್ ಕಟ್ಟಿಕೊಟ್ಟ. ವಾಸನೆ ಕಡಿಮೆಯಾಯಿತು, ಅವಮಾನವಲ್ಲ.

ಭಾವನಿಗೆ ಮಾತ್ರ ಈ ವಿಷಯವನ್ನು ನಾವು ಹೇಳಲಿಲ್ಲ. ಮರೆತದ್ದಲ್ಲ, ಬೇಕೆಂದೇ. ಒಂದು ಮದುವೆಗೆ ಅವರನ್ನು ಕಾರಿನಲ್ಲೇ ಕರೆದೊಯ್ದೆವು. ಇಸ್ತ್ರಿ ಮಾಡಿದ ಪಂಚೆಯುಟ್ಟು, ಮಡಿಲಲ್ಲಿ ಹಣ್ಣಿನ ಹರಿವಾಣ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಕಾರು ಕೂಗಿತು, ನಿಂತಿತು, ಮತ್ತೆ ಕೂಗಿತು. "ಎಂತ ಮಾರಾಯಾ, ಹೊರಡುದಾ ಇಲ್ಯಾ?" ಎಂದು ಅವರು ಮುಂದಕ್ಕೆ ಬಗ್ಗುವುದಕ್ಕೂ ಕಾರು ನೆಗೆಯುವುದಕ್ಕೂ ಸರಿಹೋಯಿತು. ಹಣ್ಣೆಲ್ಲ ಹಿಂದಿನ ಗಾಜಿನ ಕೆಳಗೆ, ಭಾವನ ಕನ್ನಡಕ ಬಾಳೆಹಣ್ಣಿನ ಚಿಪ್ಪಿನೊಳಗೆ. ನಾನು ಸೆರಗು ಬಾಯಿಗೆ ತುರುಕಿಕೊಂಡು ರಸ್ತೆ ನೋಡಿದೆ. ವಾಪಸು ಬರುವಾಗ ಭಾವ ಆಟೋ ಹಿಡಿದರು.

ಓಟದ ದಿನ ಮಾತ್ರ ಅವರೇ ಮೊದಲು ಬಂದು ಕಾರಿನಲ್ಲಿ ಕೂತಿದ್ದರು, ಮಡಿಲಲ್ಲಿ ಇಡ್ಲಿಯ ಕ್ಯಾರಿಯರ್ ಬಿಗಿಯಾಗಿ ಹಿಡಿದು. ರನ್‌ವೇಯಲ್ಲಿ ಬೆಳಿಗ್ಗೆಯೇ ಕಾಂಕ್ರೀಟು ಕಾದಿತ್ತು. ಒಂದು ಶಾಮಿಯಾನ, ಒಂದು ಮೇಜು, ಮೈಕು, ಮೇಜಿನ ಹಿಂದೆ ಟೊಪ್ಪಿ ಹಾಕಿದ ಒಬ್ಬ ಯಜಮಾನರು. ಇವರ ಜೋಡಿಯಾಗಿ ಬಂದವನು ಶೋಳಿಂಗನಲ್ಲೂರಿನ ಆ ಹುಡುಗನೇ. ಅವನ ಸ್ನೇಹಿತರು ಒಂದು ದಂಡೇ ಬಂದಿದ್ದರು. ನಮ್ಮ ಕಾರಿನ ಉದ್ದ ನೋಡಿ, ಅದರಿಂದ ಇವರು ಬಾಗಿಲು ಹಿಡಿದು ಕಾಲೆಳೆದುಕೊಂಡು ಇಳಿದು ಹತ್ತಿದ್ದನ್ನು ನೋಡಿ, ತಮ್ಮ ತಮ್ಮಲ್ಲೇ ಏನೋ ಆಡಿಕೊಂಡರು. ನನ್ನ ಕೈಯಲ್ಲಿ ಆಗ ಸೌಟು ಇರಲಿಲ್ಲ, ಅವರ ಪುಣ್ಯ.

ನಾನು ಗೆರೆಯ ಪಕ್ಕದಲ್ಲೇ ನಿಂತೆ. ಇವರು ಮೆಕ್ಯಾನಿಕ್ ಕೂರಿಸಿಕೊಟ್ಟಿದ್ದ ಕೈಬ್ರೇಕನ್ನು ಎಳೆದು ಹಿಡಿದು, ಬಲಗಾಲಿನಿಂದ ಎಂಜಿನ್ ಏರಿಸಿದರು. ಕಾರಿನ ಮೈಯೆಲ್ಲ ನಡುಗುತ್ತಿತ್ತು. ಉಕ್ಕಲು ಬಂದ ಹಾಲನ್ನು ನೋಡುವ ಹಾಗೆ ನಾನು ಹಿಂದಿನ ಚಕ್ರವನ್ನೂ ಬಾವುಟವನ್ನೂ ಒಂದೇ ನೋಟದಲ್ಲಿ ಹಿಡಿದಿದ್ದೆ. ಬಾವುಟ ಇಳಿಯಿತು. ಚಕ್ರ ತಿರುಗಿತು. ಆ ಕ್ರಮದಲ್ಲೇ, ಬೇಕಾದರೆ ದೇವರ ಮುಂದೆ ದೀಪ ಹಿಡಿದು ಹೇಳುತ್ತೇನೆ. ಕಾರು ಮೂತಿಯೆತ್ತಿ ನೆಗೆದದ್ದೇ ತಡ, ಕಣ್ಣೆತ್ತಿದರೆ ಅದು ಎಲ್ಲೋ ಇತ್ತು. ಹುಡುಗನ ಕಾರು ಇನ್ನೂ ಗೆರೆಯ ಮೇಲೇ ಇತ್ತು. ಭಾವ ಕ್ಯಾರಿಯರ್ ಕೆಳಗಿಟ್ಟು, ಪಂಚೆ ಎತ್ತಿ ಕಟ್ಟಿ, ಬಾಯಿಬಿಟ್ಟು ನಿಂತರು.

ಅರ್ಧ ದಾರಿಯ ಮೇಲೆ, ಮೆಕ್ಯಾನಿಕ್ ಹೆದರಿಸಿದ ಹಾಗೆಯೇ, ಕನ್ವರ್ಟರ್ ಜಾರತೊಡಗಿತು. ಎಂಜಿನ್ನಿನ ಕೂಗು ಹೆಚ್ಚಿತು, ವೇಗ ಹೆಚ್ಚಲಿಲ್ಲ. ಹುಡುಗ ಇವರನ್ನು ಹಿಂದೆ ಹಾಕಿ ಗೆದ್ದುಬಿಟ್ಟ. ಗೆದ್ದವನಿಗೆ ದೂರು ಯಾಕೆ ಬೇಕಿತ್ತೋ! ಆದರೆ ಅವನ ಸ್ನೇಹಿತರು, ಅಂಕಲ್ ನಿನ್ನನ್ನು ನಿಲ್ಲಿಸಿಬಿಟ್ಟು ಹೋದರಲ್ಲೋ ಎಂದು ಬಿದ್ದು ಬಿದ್ದು ನಗುತ್ತಿದ್ದರು. ಅವನು ಕೆಂಪಗಾಗಿ ಮೇಜಿನ ಹತ್ತಿರ ಹೋಗಿ ದೂರು ಹೇಳಿದ. ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಸಾರಿದರು: ಆ ಉದ್ದನೆಯ ಕಾರು ಬಾವುಟ ಇಳಿಯುವ ಮುಂಚೆಯೇ ಹೊರಟಿದೆ, ಅದು ಮೋಸದ ಆರಂಭ, ಆ ಕಾರಿನ ಹೆಸರನ್ನು ತೆಗೆದುಹಾಕಲಾಗಿದೆ.

ನನ್ನ ಮೈ ಉರಿದುಹೋಯಿತು. ಹುಡುಗ ನನ್ನ ಮುಂದೆ ಬಂದು, "ಆಂಟಿ, ಅಂಕಲ್ ಮುಂಚೇನೇ ಹೊರಟ್‌ಬಿಟ್ರು, ಅಷ್ಟು ಬೇಗ ಯಾರಿಗೂ ಹೊರಡಕ್ಕಾಗಲ್ಲ" ಎಂದು ಸಮಜಾಯಿಷಿ ಹೇಳಿದ. ಇನ್ನು ಮುಂದೆ ನೀರುದೋಸೆ ಹೇಗೆ ಸಿಗುತ್ತದೆ ನೋಡುತ್ತೇನೆ ಎಂದು ಗದರಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಜಿನ ಕಡೆ ಹೊರಟೆ. ಅಷ್ಟರಲ್ಲಿ ಇವರು ಕಾರು ತಂದು ನಿಲ್ಲಿಸಿ, ಬಾಗಿಲು ಹಿಡಿದು ಇಳಿದಿದ್ದರು.

"ಎಲ್ಲಿಗ್ ಹೊರಟದ್ದ್?"

"ಜಗಳಕ್ಕೆ. ನಾನ್ ಕಣ್ಣಾರೆ ಕಂಡಿದೆ. ಬಾವುಟ ಇಳಿದ ಮೇಲೇ ನೀವ್ ಬಿಟ್ಟದ್ದ್."

"ಹೌದ್. ನಂಗೂ ಗೊತ್ತಿತ್ತ್. ನೀನ್ ಸುಮ್ಮನಿರ್ ಮಾರಾಯ್ತಿ." ಇವರ ಕಣ್ಣು ತುಂಬಿತ್ತು, ಬಾಯಿ ಕಿವಿಯವರೆಗೆ ಹರಿದಿತ್ತು. "ಮೈಕಲ್ಲಿ ಎಂತ ಹೇಳ್ರ್, ಕೇಂಡ್ಯಾ?"

ಕೇಳಿದ್ದೆ. ಆದರೂ ಅದು ನನಗೆ ನಿಜವಾಗಿ ಕೇಳಿಸಿದ್ದು ಈಗ.

"ಅಣ್ಣಂಗೆ ಸಮಾ ಕೇಂಡಿಲ್ಲೆ ಕಾಣತ್ತ್" ಎಂದರು ಇವರು. ಅಣ್ಣ ಅಲ್ಲೇ ಪಕ್ಕದಲ್ಲಿ, ಎಲ್ಲವನ್ನೂ ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸುತ್ತ ನಿಂತಿದ್ದರು. "ಹೋಯಿ ಇನ್ನೊಂದ್ಸಲ ಹೇಳೂಕೆ ಹೇಳ್."

ಹೋದೆ. ಸೆರಗು ಸಿಕ್ಕಿಸಿ ಬಂದವಳನ್ನು ಕಂಡು ಟೊಪ್ಪಿಯ ಯಜಮಾನರು ನಾನು ಜಗಳಕ್ಕೇ ಬಂದೆನೆಂದುಕೊಂಡರು. ನಾನು ಬಾಯಿ ತೆರೆಯುವಷ್ಟರಲ್ಲಿ ಸಿಟ್ಟಿನಿಂದ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು, ಇಡೀ ರನ್‌ವೇಗೆ ಕೇಳುವಂತೆ, ಮೊದಲು ತಮಿಳಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ನನ್ನ ಗಂಡ ಹೊರಡಬೇಕಾದದ್ದಕ್ಕಿಂತ ಮುಂಚೆ ಹೊರಟುಬಿಟ್ಟರೆಂದು ಇನ್ನೊಮ್ಮೆ ಸಾರಿದರು.